ಗೀಟು ಎಳೆದ ವಿಳಾಸ

ಬಸವನ ಬಾಗೇವಾಡಿ
೧೨ ಜನವರಿ ೨೦೨೫

ಕಾವೇರಿ,

ಅದಕ್ಕೇ ನಾನು ಹೇಳುವುದು, ಒಡಪು ಬರೀ ಬಾಯಲ್ಲಿದ್ದರೆ ಉಳಿಯುವುದಿಲ್ಲ, ಕಾಗದದ ಮೇಲೆ ಬರೆದಿಟ್ಟರೆ ಗೆದ್ದಲು ಬಿಡುವುದಿಲ್ಲ, ಈಗ ಮೂರನೆಯದೊಂದು ದಾರಿ ಇದೆಯಂತೆ. ನೋಡು, ನಿನ್ನೆ ಸಂಜೆ ಕಟ್ಟೆಯ ಮೇಲೆ ಕೂತು ಮಾತಾಡಿ ಎದ್ದವರ ಹಾಗೆ ಶುರು ಮಾಡಿಬಿಟ್ಟೆ. ನಿನ್ನಕ್ಕ ಹೋದಾಗಿನಿಂದ ನಾವು ಮಾತಾಡಿಲ್ಲ, ಒಂದೂವರೆ ವರ್ಷವಾಯಿತು. ಆದರೆ ನನ್ನ ಮನಸ್ಸಿನಲ್ಲಿ ದಿನಾ ನಿನ್ನ ಜೊತೆ ವಾದ ನಡೆದೇ ಇರುತ್ತದೆ. ಅದರ ನಡುವಿನಿಂದ ಒಂದು ತುಂಡು ಕಾಗದಕ್ಕೆ ಬಿತ್ತು ಅಂದುಕೋ.

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಪತ್ರ ಹಾಗಲ್ಲ. ಹರಿದು ಒಗೆಯಬೇಕಾದರೂ ಮೊದಲು ಕೈಯಲ್ಲಿ ಹಿಡಿಯಬೇಕಾಗುತ್ತದೆ. ಇಡೀ ಸರ್ವಿಸು ಪೋಸ್ಟಮನ್ ಆಗಿ ಅಷ್ಟಾದರೂ ತಿಳಿದುಕೊಂಡಿದ್ದೇನೆ.

ವಿಷಯಕ್ಕೆ ಬರುತ್ತೇನೆ. ಇಲ್ಲಿನ ಡಿಗ್ರಿ ಕಾಲೇಜಿನಲ್ಲಿ ಮಧ್ಯಾಹ್ನದ ಹೊತ್ತು ಒಂದು ಕೋರ್ಸು ತೆಗೆದಿದ್ದಾರೆ, ಇ-ಪುಸ್ತಕ ಮಾಡುವುದು ಹೇಗೆ ಅಂತ. ವಯಸ್ಸಿನ ನಿರ್ಬಂಧ ಇಲ್ಲ ಅಂತ ಗೇಟಿಗೆ ಬೋರ್ಡು ಹಾಕಿದ್ದರು. ಹೋಗಿ ಹೆಸರು ಬರೆಸಿದೆ. ಕ್ಲಾಸಿನಲ್ಲಿ ನನ್ನ ಬಿಟ್ಟರೆ ಎಲ್ಲರೂ ಬಿ.ಎ., ಬಿ.ಕಾಂ. ಓದುವವರು. ಮೊದಲನೆಯ ದಿನ ನಾನು ಒಳಗೆ ಹೋದಾಗ ಎಲ್ಲರೂ ಎದ್ದು ನಿಂತು "ಗುಡ್ ಆಫ್ಟರ್‌ನೂನ್ ಸರ್" ಅಂದರು. ನಾನೂ "ಸಿಟ್ ಡೌನ್" ಅಂದೆ. ಆಮೇಲೆ ಹಿಂದಿನ ಬೆಂಚಿಗೆ ಹೋಗಿ ಕೂತೆ. ಆಗ ಎದ್ದ ನಗು ನೀನು ಕೇಳಬೇಕಿತ್ತು.

ವಿಜಾಪುರದಲ್ಲಿ ಬಿ.ಎ. ಎರಡನೇ ವರ್ಷಕ್ಕೆ ಬಿಟ್ಟವನು ನಾನು. ಆಗ ಕಲಿತ ಇಂಗ್ಲಿಷು ಈಗ ಹರಕು ಚೀಲದ ಜೋಳದ ಹಾಗೆ, ಎಷ್ಟು ದಾರಿಯಲ್ಲಿ ಸೋರಿತೋ. "ಎ ನೌನ್ ಈಸ್ ದಿ ನೇಮ್ ಆಫ್ ಎ ಪರ್ಸನ್, ಪ್ಲೇಸ್ ಆರ್..." ಮೂರನೆಯದು ಏನಿತ್ತು, ನೆನಪಾಗುತ್ತಿಲ್ಲ. ಮನುಷ್ಯರು, ಊರು, ಮತ್ತಿನ್ನೇನೋ.

ಪ್ರತಿಯೊಬ್ಬರೂ ಒಂದು ಪುಸ್ತಕ ಮಾಡಿ ಕೊಡಬೇಕು. ಮೇ ಮೊದಲ ವಾರ ಕಾಲೇಜಿನವರು ಅದನ್ನು ತಮ್ಮ ವೆಬ್‌ಸೈಟಿಗೆ ಏರಿಸುತ್ತಾರೆ. ನಾನು ನಿನ್ನಕ್ಕನ ಒಡಪುಗಳ ಪುಸ್ತಕ ಮಾಡುತ್ತೇನೆ ಅಂದೆ. ಓಣಿಯಲ್ಲಿ ಯಾವ ಮದುವೆ ಇದ್ದರೂ ಹಿಂದಿನ ದಿನವೇ ಮದುಮಗಳು ನಮ್ಮ ಮನೆಗೆ ಬರುತ್ತಿದ್ದಳಲ್ಲ, ಗಂಡನ ಹೆಸರು ಹೇಳಲಿಕ್ಕೆ ಒಂದು ಒಡಪು ಕಟ್ಟಿಕೊಡು ಅಂತ. ಇವಳು ಗಂಡಿನ ಹೆಸರು ಕೇಳಿ, ಕೆಲಸ ಕೇಳಿ, ರೊಟ್ಟಿ ತಟ್ಟುತ್ತಲೇ ಕಟ್ಟಿಬಿಡುವವಳು. ಎದುರು ಮನೆಯ ಸುಂದರವ್ವನಿಗೆ ಇನ್ನೂ ತನ್ನದು ಬಾಯಿಪಾಠ ಇದೆ. ಅವಳ ಗಂಡ ಆಲಮಟ್ಟಿ ಕಾಲುವೆಯ ಗೇಟಿನ ಮೇಲೆ ಇದ್ದವನು, ಮಾತಿನ ಮಲ್ಲ:

ಆಲಮಟ್ಟಿ ಗೇಟ ತೆಗದ್ರ ನೀರು ನಿಲ್ಲಂಗಿಲ್ಲ,
ಸೋಮನಿಂಗರು ಮಾತಿಗಿ ನಿಂತ್ರ ಮನಿ ನೆನಪ ಇರಂಗಿಲ್ಲ.

ಸುಂದರವ್ವನ ಮದುವೆಯಲ್ಲಿ ಎಲ್ಲರೂ ಇವಳಿಗೂ ಗಂಟು ಬಿದ್ದರು, ನೀನೂ ಹೆಸರು ಹೇಳು ಅಂತ. ಇವಳು ಸೆರಗು ಬಾಯಿಗೆ ಇಟ್ಟುಕೊಂಡು ನನ್ನ ಕಡೆ ನೋಡದೆ ಅಂದದ್ದು:

ಕೆಂಪ ಡಬ್ಬಿಗಿ ಬಾಯಿ ಐತಿ, ಒಂದ ಮಾತ ಆಡಂಗಿಲ್ಲ,
ಬಸಂತರಾಯರು ಊರ ಪತ್ರ ಹಂಚ್ತಾರ, ನನಗೊಂದ ಬರಿಯಂಗಿಲ್ಲ.

ಹಂದರದ ತುಂಬ ನಗೆ. ಮರುದಿನ ನನ್ನ ಬೀಟಿನಲ್ಲಿ ಮನೆಮನೆಯಲ್ಲೂ ಇದನ್ನೇ ಹೇಳಿ ಕಾಡಿದರು.

ಇಲ್ಲಿಯವು ಒಂದಿಷ್ಟು ಕೂಡಿಸಿದ್ದೇನೆ. ಆದರೆ ಮದುವೆಗೆ ಮುಂಚೆ ತವರೂರು ತಾಂಬಾದಲ್ಲಿ ಕಟ್ಟಿದವು ನಿನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ. ಅವು ಇಲ್ಲದೆ ಈ ಪುಸ್ತಕ ಅರ್ಧ. ನಮಗೆ ಮಕ್ಕಳಿದ್ದಿದ್ದರೆ ಅವಳ ಮಾತು ಎಲ್ಲೋ ಒಂದು ಕಡೆ ಉಳಿಯುತ್ತಿತ್ತು ಅನ್ನಬಹುದಿತ್ತು. ಈಗ ಅರ್ಧ ನನ್ನ ಹತ್ತಿರ, ಅರ್ಧ ನಿನ್ನ ಹತ್ತಿರ. ಬರೆದು ಕಳಿಸು.

ನಿಮ್ಮ ನಿಂಬೆಗಿಡ ಈ ಸಲ ಹೇಗೆ ಬಂದಿವೆ? ಇಂಡಿ ಬಜಾರಿನಲ್ಲಿ ರೇಟು ಚೆನ್ನಾಗಿದೆ ಅಂತ ಪೇಪರಿನಲ್ಲಿ ಓದಿದೆ.

ಉತ್ತರದ ದಾರಿ ನೋಡುವ
ನಿನ್ನ ಮಾಮಾ ಬಸಂತರಾಯ


ಬಸವನ ಬಾಗೇವಾಡಿ
೧೬ ಫೆಬ್ರವರಿ ೨೦೨೫

ಕಾವೇರಿ,

ನಿನ್ನ ಪತ್ರ ಬರಲಿಲ್ಲ. ಪೋಸ್ಟ್ ಆಫೀಸಿಗೇ ಹೋಗಿ ಕೇಳಿ ಬಂದೆ. ಅಲ್ಲಿಯವರು ನನ್ನ ನೋಡಿ, "ಕಾಕಾ, ನಿಮ್ಮ ಪತ್ರ ನಾವು ಇಟ್ಕೊಂಡು ಏನ್ ಮಾಡೂಣ್ರಿ" ಅಂದರು. ಇರಲಿ.

ನಮ್ಮ ಮೇಷ್ಟ್ರು ಇಜಾಜ ಸರ್ ಸಿಂದಗಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಾರೆ. ಸಣ್ಣ ವಯಸ್ಸು. ಬಂದ ಕೂಡಲೇ ಕರವಸ್ತ್ರದಿಂದ ಮೊದಲು ಕನ್ನಡಕದ ಧೂಳು ಒರೆಸುತ್ತಾರೆ, ಆಮೇಲೆ ಕಂಪ್ಯೂಟರಿಂದು, ಕೊನೆಗೆ ಮುಖದ್ದು. ಮೊನ್ನೆ ಅವರು ನೇಮ್‌ಸ್ಪೇಸ್ ಅಂತ ಒಂದು ಹೇಳಿದರು. ನನ್ನ ಇಂಗ್ಲಿಷಿನಲ್ಲಿ ನೇಮ್ ಗೊತ್ತು, ಸ್ಪೇಸ್ ಗೊತ್ತು, ಎರಡು ಕೂಡಿದರೆ ಏನು ಅಂತ ಗೊತ್ತಿಲ್ಲ. ಇ-ಪುಸ್ತಕದ ಒಳಗೆ ನಮಗೆ ಕಾಣದ ಬರಹ ಒಂದಿರುತ್ತದೆ, ಎಕ್ಸ್‌ಎಂಎಲ್ ಅನ್ನುತ್ತಾರೆ. ಇದು ಪುಸ್ತಕದ ಹೆಸರು, ಇದು ಬರೆದವರ ಹೆಸರು, ಇಲ್ಲಿ ಪಾಠ ಶುರು, ಇಲ್ಲಿ ಮುಗಿಯಿತು ಅಂತ ಪ್ರತಿಯೊಂದಕ್ಕೂ ಚೀಟಿ ಅಂಟಿಸಿದ ಹಾಗೆ.

ಸರ್ ಹಲಗೆಯ ಮುಂದೆ ನಿಂತು "ಸುರೇಖಾ, ಎದ್ದೇಳು" ಅಂದರು. ಎರಡು ಹುಡುಗಿಯರು ಎದ್ದರು.

"ಯಾರ್ನ ಕರದ್ರಿ ಸರ್, ನನ್ನೋ ಆಕಿನ್ನೋ?"

"ನೋಡ್ರಿ, ಇದಽ ತ್ರಾಸ. ಹೆಸರು ಒಂದು, ಮಂದಿ ಇಬ್ಬರು. ಈಗ ಏನ್ ಮಾಡೂದು?"

ಕ್ಲಾಸಿನವರೆಲ್ಲ ಕೂಡಿ ಕೂಗಿದರು, "ಮಸೂತಿ ಸುರೇಖಾ, ಮುದ್ದೇಬಿಹಾಳ ಸುರೇಖಾ!" ಸರ್ ಅದನ್ನೇ ಹಲಗೆಯ ಮೇಲೆ ಬರೆದರು. ಊರಿನ ಹೆಸರು ಮುಂದೆ, ನಡುವೆ ಎರಡು ಚುಕ್ಕೆ, ಆಮೇಲೆ ಅವಳ ಹೆಸರು. ನೇಮ್‌ಸ್ಪೇಸ್ ಅಂದರೆ ಇಷ್ಟೇ ಅಂತೆ. ಈ ಹೆಸರು ಯಾವ ಮನೆಯದು ಅಂತ ಹೇಳುವುದು. ಪುಟಕ್ಕೂ 'ಟೈಟಲ್' ಇರುತ್ತದೆ, ಪುಸ್ತಕಕ್ಕೂ 'ಟೈಟಲ್' ಇರುತ್ತದೆ, ಎರಡೂ ಬೇರೆ ಮನೆಯವು. ಪುಸ್ತಕದ್ದರ ಮುಂದೆ 'ಡಿಸಿ' ಅಂತ ಸೇರಿಸಬೇಕು. "ಇದರಾಗೂ ಡೆಪ್ಯುಟಿ ಕಮಿಷನರ್ ಬಂದ್ರೇನ್ರಿ ಸರ್?" ಅಂದೆ. ಮಸೂತಿ ಸುರೇಖಾ ನಕ್ಕು ನಕ್ಕು ಬೆಂಚಿನ ಮೇಲೆ ಮಲಗಿಬಿಟ್ಟಳು.

ಆಮೇಲೆ ನಾನು ಒಂದು ಪ್ರಶ್ನೆ ಕೇಳಿದೆ. "ಮಸೂತಿ ಸುರೇಖಾನ್ನ ನಾಳೆ ಮುದ್ದೇಬಿಹಾಳಕ ಲಗ್ನ ಮಾಡಿ ಕೊಟ್ರ?"

"ಕಾಕಾ, ಎಕ್ಸ್‌ಎಂಎಲ್‌ನಾಗ ಲಗ್ನ ಇಲ್ರಿ" ಅಂದರು ಸರ್.

"ಹೆಸರಽ ಬದಲ ಮಾಡ್ತಾರ್ರಿ" ಅಂದಳು ಅವಳೇ. "ನಮ್ಮವ್ವಂದು ಮಾಡ್ಯಾರ. ನನ್ನದು ಮಾಡಾಕ ಬಂದ್ರ ಅಕ್ಕಿ ತಾಟು ಒದ್ದು ಬರ್ತೇನಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಚಹಾ ಕಾಸುತ್ತಿದ್ದಾಗ ಆ ತಾಟು ನೆನಪಾಯಿತು. ನಿನಗೆ ಅದು ಗೊತ್ತಿಲ್ಲ, ನಮ್ಮ ಮದುವೆಯ ದಿನ ನೀನು ತಾಂಬಾದಲ್ಲೇ ಉಳಿದೆ. ದಿಬ್ಬಣದ ಲಾರಿ ಇಳಿದು ಒಳಗೆ ಬಂದ ಕೂಡಲೇ ಹಿತ್ತಾಳೆ ತಾಟಿನಲ್ಲಿ ಅಕ್ಕಿ ಹರವಿ, ನನ್ನ ಕೈಗೆ ಉಂಗುರ ಕೊಟ್ಟು, ನಮ್ಮವ್ವ ಹೇಳಿದ ಹೆಸರು ಬರೆಸಿದರು. ಭುವನೇಶ್ವರಿ. ಏಕೆ ಅಂದರೆ ನಮ್ಮವ್ವನ ಹೆಸರೂ ನಿನ್ನಕ್ಕನ ತವರಿನ ಹೆಸರೂ ಒಂದೇ. ಒಂದು ಮನೆಯಲ್ಲಿ ಅತ್ತೆ ಸೊಸೆ ಇಬ್ಬರಿಗೂ ಒಂದೇ ಹೆಸರಾದರೆ ಕರೆಯುವುದು ಹೇಗೆ, ಸಿಟ್ಟು ಬಂದಾಗ ಬೈಯುವುದು ಹೇಗೆ? ಆಗ ಯಾರಿಗೂ ಇದು ತಪ್ಪು ಅನ್ನಿಸಲಿಲ್ಲ. ಅವಳಿಗೆ ಏನನ್ನಿಸಿತು ಅಂತ ಯಾರೂ ಕೇಳಲೂ ಇಲ್ಲ. ಇಜಾಜ ಸರ್ ಆ ದಿನ ನಮ್ಮ ಪಡಸಾಲೆಯಲ್ಲಿ ಇದ್ದಿದ್ದರೆ, ತಾಂಬಾ ಅಂತ ಬರೆದು ಮುಂದೆ ಎರಡು ಚುಕ್ಕೆ ಇಟ್ಟು ಮುಗಿಸುತ್ತಿದ್ದರೇನೋ.

ಮೂರನೆಯದು ಇನ್ನೂ ನೆನಪಾಗಿಲ್ಲ. ಪರ್ಸನ್, ಪ್ಲೇಸ್, ಮತ್ತೇನೋ.

ಗ್ಯಾಸ್ ಕನೆಕ್ಷನ್ ಅವಳ ಹೆಸರಿನಲ್ಲೇ ಇದೆ. ಸಿಲಿಂಡರ್ ತರುವವನು ಬಾಗಿಲಲ್ಲಿ ನಿಂತು ಪ್ರತಿ ಸಲ "ಭುವನೇಶ್ವರಿ ಅನ್ನಾವ್ರು ಅದಾರೇನ್ರಿ?" ಅಂತ ಕೂಗುತ್ತಾನೆ. ಹೆಸರು ಬದಲಿಸಿಕೊಳ್ಳಿ ಅಂತ ಏಜೆನ್ಸಿಯವರು ಹೇಳುತ್ತಲೇ ಇದ್ದಾರೆ. ನಾನು ಬದಲಿಸಿಲ್ಲ. ಈ ಮನೆಯ ಮುಂದೆ ಅವಳನ್ನು ಹೆಸರು ಹಿಡಿದು ಕರೆಯುವವನು ಈಗ ಅವನೊಬ್ಬನೇ.

ಒಡಪು ಕಳಿಸು ಕಾವೇರಿ. ನೆನಪಿದ್ದಷ್ಟು.

ಬಸಂತರಾಯ ಮಾಮಾ


ಬಸವನ ಬಾಗೇವಾಡಿ
೨೦ ಮಾರ್ಚ್ ೨೦೨೫

ಕಾವೇರಿ,

ಒಂದು ಫಜೀತಿ ಮಾಡಿಕೊಂಡೆ. ಹೇಳಿ ನಗುವುದಕ್ಕೆ ಯಾರೂ ಇಲ್ಲ. ಸಿಟ್ಟಿನಲ್ಲಿದ್ದರೂ ಚಿಂತೆಯಿಲ್ಲ, ನೀನೇ ಕೇಳು.

ಪುಸ್ತಕದ ಎಲ್ಲ ಚೀಟಿ ಅಂಟಿಸಿ ಮುಗಿಸಿದ್ದೆ. ಬರೆದವರ ಹೆಸರಿನ ಜಾಗದಲ್ಲಿ ಕಾಗದಪತ್ರದಲ್ಲಿ ಇರುವುದನ್ನೇ, ಭುವನೇಶ್ವರಿ ಅಂತ ಹಾಕಿದ್ದೆ. ಆ ಕಡತದ ತಲೆಯ ಮೇಲೆ ಒಂದು ವಿಳಾಸ ಇರುತ್ತದೆ, ವೆಬ್‌ಸೈಟಿನ ವಿಳಾಸದ ಹಾಗೆ. 'ಡಿಸಿ' ಅಂದರೆ ಈ ಮನೆ ಅಂತ ತೋರಿಸುವುದು ಅದು. ವಿಳಾಸ ಕಂಡ ಮೇಲೆ ನನ್ನ ಕೈ ಸುಮ್ಮನಿರುತ್ತದೆಯೇ? ಹೋಗಿ ನೋಡೋಣ ಅಂತ ಅದನ್ನು ಒತ್ತಿದೆ. ಅದು ನನ್ನನ್ನು ಅಲ್ಲಿ ನಿಲ್ಲಿಸದೆ ಬೇರೆಯದೇ ಒಂದು ವಿಳಾಸಕ್ಕೆ ಕರೆದುಕೊಂಡು ಹೋಯಿತು. ನನಗೆ ತಿಳಿದುಹೋಯಿತು, ಪಾರ್ಟಿ ಮನೆ ಬದಲಾಯಿಸಿದೆ. ಮನೆ ಬಿಟ್ಟು ಹೋದವರ ಪತ್ರ ಬಂದರೆ ಹಳೆಯ ವಿಳಾಸಕ್ಕೆ ಒಂದು ಗೀಟು ಎಳೆದು ಪಕ್ಕದಲ್ಲಿ ಹೊಸದು ಬರೆಯುವುದು ನನ್ನ ಜನ್ಮದ ಕೆಲಸ. ನಾನು ರೀಡೈರೆಕ್ಟ್ ಮಾಡಿದ ಪತ್ರ ಎಂದೂ ತಿರುಗಿ ಬಂದದ್ದಿಲ್ಲ ಅಂತ ಆಫೀಸಿನಲ್ಲಿ ಹೆಸರಿತ್ತು. ಇಲ್ಲೂ ಹಳೆಯದನ್ನು ಅಳಿಸಿ ಹೊಸದನ್ನು ನೀಟಾಗಿ ಬರೆದೆ.

ಇಜಾಜ ಸರ್ ದೊಡ್ಡ ಪರದೆಯ ಮೇಲೆ ಎಲ್ಲರ ಪುಸ್ತಕ ತೆರೆದು ತೋರಿಸುತ್ತಿದ್ದರು. ನನ್ನದು ತೆರೆದರು. ಒಡಪೆಲ್ಲ ಸರಿಯಾಗಿ ಬಂದಿದ್ದವು. ಆದರೆ ಮೊದಲಿಗೆ ಪುಸ್ತಕದ ಹೆಸರಿನ ಜಾಗದಲ್ಲಿ 'ಅನ್‌ಟೈಟಲ್ಡ್'. ಬರೆದವರ ಹೆಸರಿನ ಜಾಗದಲ್ಲಿ 'ಅನ್‌ನೋನ್'.

ಅನ್‌ನೋನ್. ಈ ಶಬ್ದದ ಅರ್ಥ ನಾನು ಮರೆತಿಲ್ಲ. ಎಷ್ಟೋ ಪತ್ರಗಳ ಮೇಲೆ ನನ್ನ ಕೈಯಾರೆ ಬರೆದು ವಾಪಸು ಕಳಿಸಿದ್ದೇನೆ.

ಸರ್ ಕಡತ ತೆರೆದು ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡರು. "ಕಾಕಾ, ಈ ವಿಳಾಸಕ ಯಾಕ ಕೈ ಹಚ್ಚಿದ್ರಿ?"

"ಅವರು ಮನಿ ಬದಲ ಮಾಡ್ಯಾರ್ರಿ ಸರ್. ಹೋಗಿ ನೋಡಿ ಬಂದೇನಿ."

"ಅಯ್ಯೋ, ಇದು ಹೋಗೂ ವಿಳಾಸ ಅಲ್ರಿ! ಅಲ್ಲಿ ಮನಿ ಇರಲಿ, ಬಿದ್ದಿರಲಿ, ಬಯಲಾಗಲಿ, ನಮಗ ಸಂಬಂಧ ಇಲ್ಲ. ಮೊದಲಿಗಿ ಯಾವ ವಿಳಾಸ ಕೊಟ್ಟಿರ್ತಾರ, ಅದು ಗುರುತು. ಒಂದ ಅಕ್ಷರ ಬದಲ ಆದ್ರೂ ಪುಸ್ತಕ ಓದೂ ಸಾಫ್ಟ್‌ವೇರ್ ಇದು ನಮ್ಮವರ ಹೆಸರು ಅಲ್ಲ ಅಂತ ಬಿಟ್ಟುಬಿಡ್ತೈತಿ. ಹೆಸರು ಅಲ್ಲೇ ಇರ್ತೈತಿ, ಆದ್ರ ಗುರುತಿಸೂದಿಲ್ಲ."

ಹುಡುಗರು ನಗಲಿಲ್ಲ. ನನ್ನ ಮುಖ ಹೇಗಾಗಿತ್ತೋ ಏನೋ. ಮುದ್ದೇಬಿಹಾಳ ಸುರೇಖಾ ಒಂದು ಲೋಟ ನೀರು ತಂದು ಕೊಟ್ಟಳು.

ಹಳೆಯ ವಿಳಾಸ ಮತ್ತೆ ಬರೆದೆ, ಹೆಸರು ಬಂತು. ಆದರೆ ಆ ಮಾತು ನನ್ನ ಜೊತೆ ಮನೆಯ ತನಕ ನಡೆದು ಬಂತು. ಹೆಸರು ಅಲ್ಲೇ ಇರುತ್ತದೆ, ಗುರುತಿಸುವುದಿಲ್ಲ. ನಿನ್ನಕ್ಕನ ದಿವಸದ ಕಾರ್ಡು ನಿಮ್ಮ ಊರಿಗೂ ಕಳಿಸಿದ್ದೆನಲ್ಲ. ಅದರ ಮೇಲೆ ಏನು ಅಚ್ಚು ಹಾಕಿಸಿದ್ದೆ ಅಂತ ನನಗೂ ಗೊತ್ತು, ನಿನಗೂ ಗೊತ್ತು. ನೀನು ದಿವಸಕ್ಕೆ ಬಂದು ಊಟ ಮಾಡದೆ ಎದ್ದು ಹೋದದ್ದು ಅದಕ್ಕೇ ಅಂತ ಆ ದಿನ ನಾನು ತಿಳಿಯಲಿಲ್ಲ. ದುಃಖದಲ್ಲಿ ಇದ್ದಾಳೆ ಅಂದುಕೊಂಡೆ.

ಅವಳು ಅಡುಗೆಮನೆಯಿಂದ ಸುಮ್ಮನೆ ಕೇಳುತ್ತಿದ್ದಳು, "ಇಲ್ಲೇ ಅದೀರೇನು?" ಕೆಲಸ ಏನೂ ಇರುತ್ತಿರಲಿಲ್ಲ. ನಾನು "ಹೂಂ" ಅನ್ನುತ್ತಿದ್ದೆ, ಅಷ್ಟೇ. ಈಗ ಆ ಹೂಂ ಅನ್ನುವ ಕೆಲಸವೂ ಇಲ್ಲ.

ಒಂದು ಕಾರ್ಡಾದರೂ ಬರೆ. ಬೈದು ಬರೆದರೂ ಆದೀತು.

ನಿನ್ನಕ್ಕನ ಮನೆಯಿಂದ,
ಬಸಂತರಾಯ


ತಾಂಬಾ
೪ ಎಪ್ರಿಲ್ ೨೦೨೫

ಮಾಮಾ ಅವರಿಗೆ,

ಬೈದು ಬರಿ ಅಂದ್ರಿ, ಬರೀತೇನಿ. ನನಗ ನಿಮ್ಮಂಗ ಪುಸ್ತಕದ ಮಾತು ಬರಂಗಿಲ್ಲ, ಮಾತಾಡಿದಂಗ ಬರೀತೇನಿ.

ನಿಮ್ಮ ಕಾರ್ಡು ಊರ ತುಂಬ ಹಂಚಿದ್ವಿ. ಭುವನೇಶ್ವರಿ ತೀರಿಕೊಂಡ್ರು ಅಂತ ಓದಿದ್ರು. ಯಾರ್ರೀ ಭುವನೇಶ್ವರಿ? ನಮ್ಮಕ್ಕನ ನೆತ್ತಿಗಿ ಎಣ್ಣಿ ಹಚ್ಚಿದ ಮುದುಕ್ಯಾರು, ಆಕಿ ಕೂಡ ಬಾವಿಗಿ ಹೋದಾಕ್ಯಾರು, ಕಾವೇರಿ ಗಂಡನ ಕಡಿಯವರು ಯಾರೋ ಹೋಗ್ಯಾರ ಅಂತ ಸುಮ್ನಾದ್ರು. ಸಾವಾದ ಮನಿಗಿ ಓಣಿಯವರು ರೊಟ್ಟಿ ಬುತ್ತಿ ತರಬೇಕಲ್ಲ, ನಮ್ಮ ಮನಿಗಿ ಒಂದ ಬುತ್ತಿ ಬರಲಿಲ್ಲ. ನಾ ಮಣ್ಣು ಮಾಡಿ ಬಂದು ಒಲಿ ಮುಂದ ಒಬ್ಬಾಕಿ ಕುಂತೆ. ನನಗೂ ಬಾಯಿ ಬಿಚ್ಚಿ ಹೇಳೂ ತ್ರಾಣ ಇರಲಿಲ್ಲ. ಮುಂದಿನ ಸಂಕ್ರಾಂತಿಗಿ ಮ್ಯಾಲಿನ ಮನಿ ಚನ್ನಬಸಯ್ಯ ಮುತ್ಯಾ ಬಾಗಲಕ ಬಂದು ಕೇಳಿದ, "ಕಾವೇರಿ, ಹೊನ್ನಿ ಈ ಸಲನೂ ಹಬ್ಬಕ ಬರಲಿಲ್ಲೇನವಾ? ಆಕಿ ಒಡಪು ಕೇಳಿ ಭಾಳ ದಿನ ಆತು" ಅಂತ. ನಾ ಏನಂತ ಹೇಳಲಿ ಮಾಮಾ?

ಈಗ ಪುಸ್ತಕಾನೂ ಭುವನೇಶ್ವರಿ ಮಾಡ್ಯಾಳಂತ. ತಾಂಬಾದ ಒಡಪು ಭುವನೇಶ್ವರಿ ಕಟ್ಟಿಲ್ಲ. ಆಕಿ ಇಲ್ಲಿ ಹುಟ್ಟೇ ಇಲ್ಲ. ಯಾರ ಹೆಸರು ಹಾಕ್ತೀರಿ ಮೊದಲ ಹೇಳ್ರಿ, ಆಮ್ಯಾಲ ಕೊಡೂದು ಬಿಡೂದು ನೋಡೂಣು.

ನಿಂಬಿಕಾಯಿ ಹೂವು ಉದುರ್ಯಾವ. ಈ ಸಲ ಅಷ್ಟಕ್ಕಷ್ಟೇ.

ಕಾವೇರಿ


ಬಸವನ ಬಾಗೇವಾಡಿ
೧೩ ಎಪ್ರಿಲ್ ೨೦೨೫

ಕಾವೇರಿ,

ಪತ್ರ ಮುಟ್ಟಿತು. ಬಾಗಿಲಲ್ಲಿ ನಿಂತೇ ಓದಿದೆ. ಒಳಗೆ ಬಂದು ಮತ್ತೆ ಓದಿದೆ. ಬುತ್ತಿಯ ವಿಷಯ ನನಗೆ ಗೊತ್ತಿರಲಿಲ್ಲ. ಇಲ್ಲಿ ನನ್ನ ಪಡಸಾಲೆ ಬುತ್ತಿಗಳಿಂದ ತುಂಬಿತ್ತು, ತಿನ್ನುವವರಿಲ್ಲದೆ ಸುಂದರವ್ವ ಎಲ್ಲ ದನಕ್ಕೆ ಹಾಕಿದಳು. ನಿನ್ನ ಒಲೆಯ ಮುಂದೆ ಒಂದೂ ಇರಲಿಲ್ಲ.

ನಿನ್ನ ಪ್ರಶ್ನೆಯನ್ನು ಕ್ಲಾಸಿಗೆ ತೆಗೆದುಕೊಂಡು ಹೋದೆ. ಪತ್ರ ತೋರಿಸಲಿಲ್ಲ, ವಿಷಯ ಹೇಳಿದೆ. ಮಸೂತಿ ಸುರೇಖಾ, "ಅದಕೇನ್ರಿ ಕಾಕಾ, ಎರಡೂ ಹಾಕ್ರಿ" ಅಂದು ತಾನೇ ಬರೆದವರ ಚೀಟಿ ಎರಡು ಮಾಡಿ, ಒಂದರಲ್ಲಿ ಬಾಗೇವಾಡಿ ಹೆಸರು, ಇನ್ನೊಂದರಲ್ಲಿ ತಾಂಬಾ ಹೆಸರು ಹಾಕಿದಳು. ಪುಸ್ತಕ ತೆರೆದರೆ ಇಬ್ಬರು ಹೆಂಗಸರು ಕೂಡಿ ಬರೆದ ಹಾಗೆ ಬಂತು. ಒಬ್ಬರ ಪಕ್ಕ ಒಬ್ಬರು, ನಡುವೆ ಒಂದು ಅಲ್ಪವಿರಾಮ. ಆ ಇಬ್ಬರೂ ಒಬ್ಬರನ್ನೊಬ್ಬರು ನೋಡಿಯೇ ಇಲ್ಲದವರ ಹಾಗೆ ಕಂಡರು. ಒಬ್ಬಳು ಇಲ್ಲಿ ನನ್ನ ಜೊತೆ ಬಾಳಿದಳು, ಇನ್ನೊಬ್ಬಳು ತಾಂಬಾದ ಬಾವಿಕಟ್ಟೆಯ ಮೇಲೆ ಹಾಗೇ ಉಳಿದಳು.

"ಹೀಂಗ ಮಾಡಿದ್ರ ಇಬ್ಬರು ಬ್ಯಾರೆ ಬ್ಯಾರೆ ಮಂದಿ ಆಗ್ತಾರ ಕಾಕಾ" ಅಂದರು ಇಜಾಜ ಸರ್. "ಒಬ್ಬಾಕಿ ಅಂತಂದ್ರ ಒಂದು ಹೆಸರು ಆರಿಸ್ಕೋರಿ. ಇನ್ನೊಂದು ಬೇಕಾದ್ರ ಮುನ್ನುಡಿಯೊಳಗ ಹೇಳ್ರಿ. ಯಾವುದು ಆರಿಸ್ತೀರಿ ಅಂತ ನಾ ಹೇಳಾಕ ಬರಂಗಿಲ್ಲ. ಅದು ಕಂಪ್ಯೂಟರಿಗೂ ಗೊತ್ತಿಲ್ಲ."

ಸರಿ, ಆರಿಸಬೇಕು. ರೇಷನ್ ಕಾರ್ಡು, ಆಧಾರ್, ಪಾಸ್‌ಬುಕ್, ಆಸ್ಪತ್ರೆಯ ಚೀಟಿ, ಕೊನೆಗೆ ಮರಣಪತ್ರ, ಎಲ್ಲ ಒಂದೇ ಹೆಸರಿನಲ್ಲಿವೆ. ಇನ್ನೊಂದು ಹೆಸರಿಗೆ ಒಂದು ಕಾಗದವೂ ಇಲ್ಲ, ಬರೀ ನಿಮ್ಮೂರಿನ ಬಾಯಿಗಳಿವೆ. ಆ ಬಾಯಿಗಳೂ ಒಂದೊಂದೇ ಮುಚ್ಚುತ್ತಿವೆ. ಚನ್ನಬಸಯ್ಯ ಮುತ್ಯಾ ಚೆನ್ನಾಗಿದ್ದಾರೆಯೇ?

ಇನ್ನೊಂದು ಮಾತು, ಇದನ್ನು ಯಾರಿಗೂ ಬರೆದವನಲ್ಲ. ತಾಂಬಾದ ಆ ಹೆಸರು ಇಂದಿಗೂ ನನ್ನ ನಾಲಿಗೆಗೆ ಬಂದಿಲ್ಲ. ನಮ್ಮವ್ವನ ಹೆಸರಲ್ಲವೇ ಅದು, ಹೆತ್ತವಳ ಹೆಸರು ಹಿಡಿದು ಹೆಂಡತಿಯನ್ನು ಕರೆಯುವುದು ಹೇಗೆ? ಅಕ್ಕಿಯ ಮೇಲೆ ಬರೆದ ಹೆಸರನ್ನೂ ಕೂಗಲಿಲ್ಲ, ನಮ್ಮಲ್ಲಿ ಯಾರು ಕೂಗುತ್ತಾರೆ? "ಏ, ಇಲ್ಲಿ ನೋಡು" ಅಂದರೆ ಅವಳು ಬರುತ್ತಿದ್ದಳು. ಇಷ್ಟು ವರ್ಷ ಹೆಸರೇ ಇಲ್ಲದೆ ಸಂಸಾರ ಮಾಡಿದೆವು. ಈಗ ನೋಡಿದರೆ ಎರಡರಲ್ಲಿ ಒಂದು ಆರಿಸು ಅನ್ನುತ್ತಾರೆ.

ಮೇ ಎರಡರ ಒಳಗೆ ಪುಸ್ತಕ ಕೊಡಬೇಕು. ಇಲ್ಲಿ ಬಿಸಿಲು ವಿಪರೀತ, ಮಧ್ಯಾಹ್ನ ಕರೆಂಟು ಹೋದರೆ ಕಂಪ್ಯೂಟರುಗಳೆಲ್ಲ ಒಮ್ಮೆಲೇ ಕಣ್ಣು ಮುಚ್ಚುತ್ತವೆ. ಕತ್ತಲೆ ಕೋಣೆಯಲ್ಲಿ ಹುಡುಗರು ಹಾಡು ಹೇಳುತ್ತಾರೆ. ನಾನೂ ಒಂದು ಒಡಪು ಹೇಳಿದೆ, ಆ ಕೆಂಪು ಡಬ್ಬಿಯದು.

ನೀನೇ ಹೇಳು, ಏನು ಮಾಡಲಿ.

ಬಸಂತರಾಯ


ತಾಂಬಾ
೨೪ ಎಪ್ರಿಲ್ ೨೦೨೫

ಮಾಮಾ,

ಮುತ್ಯಾ ಆರಾಮ ಅದಾನ. ಹಲ್ಲಿಲ್ಲ, ಹಟ ಐತಿ.

ನಿಮ್ಮ ಲಗ್ನದ ದಿನ ನೆನಪೈತೇನು? ತಾಳಿ ಕಟ್ಟಿ ಹಂದರದಿಂದ ನೀವಿಬ್ಬರೂ ಮನಿ ಒಳಗ ಬರೂ ಮುಂದ ನಾ ಬಾಗಲಾ ಹಿಡದು ನಿಂತಿದ್ದೆ. ಲಂಗಾ ಉಟ್ಟಿದ್ದೆ, ಎರಡೂ ಕೈ ಚೌಕಟ್ಟಿಗಿ ಹಚ್ಚಿ. ಹೇಣ್ತಿ ಹೆಸರು ಹೇಳದಽ ಒಳಗ ಬಿಡಂಗಿಲ್ಲ ಅಂದೆ. ನೀವು ಕೆಂಪಗಾಗಿ ನೆಲಾ ನೋಡಕೋತ ನಿಂತ್ರಿ. ಹೊರಗ ಲಾರಿಯಾವ ಹಾರನ್ನ ಹೊಡೀತಿದ್ದ. ನಿಮ್ಮ ಸಿದ್ದರಾಯ ಕಾಕಾ ಬಂದು, "ಬಿಡವಾ, ಹೊತ್ತು ಮುಳಗಾಕತ್ತೈತಿ, ದಾರಿ ದೂರ ಐತಿ" ಅಂತ ನನ್ನ ರೆಟ್ಟಿ ಹಿಡದು ಸರಸಿದ. ನೀವು ಹೇಳದಽ ಒಳಗ ಹೋದ್ರಿ.

ನಿಮಗ ಗೊತ್ತಿಲ್ಲದ್ದು ಒಂದೈತಿ. ಗಂಡಸು ಹೇಳಿದ ಮ್ಯಾಲ ಹೆಣ್ಣು ಹೇಳಬೇಕಲ್ಲ. ನೀವು ಹೇಳಲಿಲ್ಲ, ಆಕಿ ಪಾಳಿ ಬರಲೇ ಇಲ್ಲ. ಆಕಿ ಎಂಟು ದಿನ ಕುಂತು ಕಟ್ಟಿದ್ದಳು, ನಿಮ್ಮ ಹೆಸರಿಂದು. ರಾತ್ರಿ ನನಗೊಬ್ಬಾಕಿಗೇ ಹೇಳಿ ತೋರಿಸಿದ್ದಳು. ಅದನ್ನ ನುಂಗಿಕೊಂಡು ಲಾರಿ ಹತ್ತಿದ್ಳು. ಆಮ್ಯಾಲ ಬ್ಯಾರೆ ಭಾಳ ಹೇಳ್ಯಾಳ, ಅದನ್ನ ಮಾತ್ರ ಯಾರ ಮುಂದೂ ಹೇಳಲಿಲ್ಲ.

ಅದು ಇನ್ನೂ ನನ್ನ ಹಂತ್ಯಾಕ ಐತಿ. ಪತ್ರದಾಗ ಬರಿಯಂಗಿಲ್ಲ. ಯಾವ ಹೆಸರು ಹಾಕಲಿ ಅಂತ ನನ್ನ ಕೇಳಬ್ಯಾಡ್ರಿ. ಆವತ್ತಿನಂಗ ಬಾಗಲಾ ಹಿಡದು ನಿಂತೇನಿ. ಹೆಸರು ಹೇಳಿ ಒಳಗ ಬರ್ರಿ. ಆಮ್ಯಾಲ ಆಕಿ ಪಾಳಿದು ನಾ ಹೇಳ್ತೇನಿ, ಉಳಿದವೂ ಹೇಳ್ತೇನಿ.

ಈ ಸಲ ಸರಸೂವ್ರು ಯಾರೂ ಇಲ್ಲ.

ಕಾವೇರಿ


ಬಸವನ ಬಾಗೇವಾಡಿ
೨೯ ಎಪ್ರಿಲ್ ೨೦೨೫

ಕಾವೇರಿ,

ನಾಳೆ ಬೆಳಿಗ್ಗೆ ಇಂಡಿ ಬಸ್ಸಿಗೆ ಹೊರಡುತ್ತೇನೆ. ಈ ಪತ್ರ ಟಪಾಲಿಗೆ ಹಾಕಿದರೆ ನನಗಿಂತ ಹಿಂದೆ ಬಂದೀತು, ನಾನೇ ಕಿಸೆಯಲ್ಲಿ ತರುತ್ತೇನೆ. ಪೋಸ್ಟಮನ್ ತನ್ನ ಪತ್ರ ತಾನೇ ಹಂಚುವುದು ಇದೇ ಮೊದಲು. ನೀನು ಬಾಗಿಲು ಬಿಡದೇ ಹೋದರೆ ಇದನ್ನು ಚೌಕಟ್ಟಿನಲ್ಲಿ ಸಿಕ್ಕಿಸಿ ಬರುತ್ತೇನೆ.

ಇವತ್ತು ಇಜಾಜ ಸರ್ ಮುಂದೆ ಕೂತು ಬರೆದವರ ಚೀಟಿಯಲ್ಲಿ ಒಂದೇ ಹೆಸರು ಉಳಿಸಿದೆ. ತಾಂಬಾದ್ದು. ಬಾಗೇವಾಡಿಯದು ಮುನ್ನುಡಿಗೆ ಹೋಯಿತು. ಸರ್ ನೋಡಿ, "ಈ ಹೆಸರಿನ ದಾಖಲೆ ಏನಾರ ಐತೇನ್ರಿ ಕಾಕಾ, ಕಾಲೇಜಿನವ್ರು ಕೇಳಿದ್ರ?" ಅಂದರು. "ನಮ್ಮ ನಾದಿನಿ ಅದಾಳ್ರಿ" ಅಂದೆ. ಸರ್ ನಕ್ಕು ಮುಂದೆ ಕೇಳಲಿಲ್ಲ. ಪುಸ್ತಕ ತೆರೆದಾಗ ಅನ್‌ನೋನ್ ಅಂತ ಬರಲಿಲ್ಲ. ಕೊನೆಯ ಪುಟವೊಂದು ಖಾಲಿ ಬಿಟ್ಟಿದ್ದೇನೆ, ನಿನ್ನ ಹತ್ತಿರ ಇರುವ ಆ ಒಡಪಿಗೆ.

ಒಡಪು ಕಟ್ಟುವುದು ಎಷ್ಟು ಕಷ್ಟ ಅಂತ ಈಗ ತಿಳಿಯಿತು. ಕ್ಲಾಸಿನಿಂದ ಬಂದಾಗಿನಿಂದ ಹೊರಗಿನ ಕಟ್ಟೆಯ ಮೇಲೆ ಕೂತಿದ್ದೇನೆ. ಅವಳು ರೊಟ್ಟಿ ತಟ್ಟುತ್ತ ಕಟ್ಟುತ್ತಿದ್ದಳು, ನನಗೆ ಒಂದು ಚಹಾ ಕುಡಿದು, ಎರಡು ಸಲ ಓಣಿಯ ಕೊನೆಯ ತನಕ ನಡೆದು ಬಂದರೂ ಆಗಲಿಲ್ಲ. ಸುಂದರವ್ವ ಎದುರಿನಿಂದ, "ಯಾಕ್ರಿ ಅಣ್ಣಾರ, ಒಬ್ಬರೇ ತುಟಿ ಅಲ್ಲಾಡಸಾಕತ್ತೀರಿ?" ಅಂತ ಕೇಳಿದಳು. "ಲಗ್ನದ ತಯಾರಿ" ಅಂದೆ. ಪಾಪ, ಗಾಬರಿಯಾಗಿ ಒಳಗೆ ಹೋದಳು.

ಹಾಂ, ಮೂರನೆಯದು ನೆನಪಾಯಿತು. ಥಿಂಗ್. ಪರ್ಸನ್, ಪ್ಲೇಸ್ ಆರ್ ಥಿಂಗ್. ಇಷ್ಟು ಸಣ್ಣ ಶಬ್ದಕ್ಕೆ ಇಷ್ಟು ತಿಂಗಳು ಕಾದೆ. ಹೆಸರು ಅಂದರೆ ಮನುಷ್ಯರದು, ಊರಿನದು, ಇಲ್ಲ ವಸ್ತುವಿನದು. ನಾವು ನಿನ್ನಕ್ಕನ ಊರು ಬಿಡಿಸಿದೆವು, ಹೆಸರು ಬಿಡಿಸಿದೆವು. ಆದರೂ ಅವಳು ಮನುಷ್ಯಳಾಗಿಯೇ ಉಳಿದಳು, ಒಡಪು ಕಟ್ಟಿಕೊಂಡು ಉಳಿದಳು. ನಾಳೆ ನಾನು ಬಾಗಿಲಿಗೆ ಬರುವಾಗ ನಿಮ್ಮ ಓಣಿಯವರನ್ನೆಲ್ಲ ಕರೆದುಕೊಂಡೇ ಬರುತ್ತೇನೆ. ಮುತ್ಯಾನಿಗೆ ಒಂದು ಕುರ್ಚಿ ಹಾಕಿಸುತ್ತೇನೆ. ಅವರಿಗೆ ನಾನೇ ಹೇಳುತ್ತೇನೆ, ಹೊನ್ನಿ ಇನ್ನು ಹಬ್ಬಕ್ಕೆ ಬರುವುದಿಲ್ಲ ಅಂತ.

ನನ್ನ ಒಡಪು ನಾಜೂಕಾಗಿಲ್ಲ, ನಗಬೇಡ. ಈಗಷ್ಟೇ ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿದೆ. ನಮ್ಮವ್ವ ಸಿಟ್ಟಾಗಲಿಲ್ಲ, ಗೋಡೆಯ ಮೇಲಿನ ಫೋಟೋದಲ್ಲಿ ಇದ್ದ ಹಾಗೇ ಇದ್ದಾಳೆ. ಎಷ್ಟು ಸಣ್ಣ ಹೆಸರು ಕಾವೇರಿ, ಬಾಯಿಗೆ ಎಷ್ಟು ಹಗುರ. ಹೇಳಿದ ಮೇಲೆ ಅಡುಗೆಮನೆಯ ಕಡೆ ಕಿವಿಗೊಟ್ಟು ಕೂತೆ. ಯಾರೂ ಏನೂ ಕೇಳಲಿಲ್ಲ. ಆದರೂ "ಹೂಂ" ಅಂದೆ.

ಬೆಳಕು ಹೋಗುತ್ತಿದೆ. ಬೇವಿನ ಗಿಡದ ನೆರಳು ಕಟ್ಟೆ ದಾಟಿ ಗೋಡೆ ಹತ್ತಿತು, ಅಕ್ಷರ ಮಸುಕಾಗುತ್ತಿವೆ. ಇದೊಂದು ಬರೆದು ನಿಲ್ಲಿಸುತ್ತೇನೆ:

ಹಳೇ ವಿಳಾಸಕ ಗೀಟ ಎಳದೆ, ಹೊಸಾದಕ ಪತ್ರ ಮುಟ್ಟಲಿಲ್ಲ,
ಹೊನ್ನವ್ವನ ಹೆಸರ ಹೇಳೇನಿ ಕಾವೇರಿ, ಇನ್ನೂ ಹೊತ್ತ ಮುಳುಗಿಲ್ಲ.

ಹೊನ್ನವ್ವನ ಗಂಡ
ಬಸಂತರಾಯ